ಓಣಿಯ ಗೆರೆ ಎಲ್ಲಿದೆ?

ಹುಬ್ಬಳ್ಳಿಯಿಂದ ಲೋಂಡಾದತ್ತ ಸಾಗುವ ರೈಲುಹಾದಿಯಲ್ಲಿ ಅಳ್ನಾವರ ಒಂದು ಜಂಕ್ಷನ್. ಅಲ್ಲಿಳಿದವರು ಯಾವುದಾದರೊಂದು ಓಣಿಯ ಹೆಸರು ಹೇಳಿದರೆ ದಾರಿ ತೋರುವವರಿಗೆ ಬರವಿಲ್ಲ. ಆದರೆ ಆ ಓಣಿ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ತೊಡಗಿತು ಎಂದು ಕೇಳಿದರೆ ಒಬ್ಬರು ಗುಡಿಯನ್ನು ತೋರಿಸಿಯಾರು, ಇನ್ನೊಬ್ಬರು ಬಾವಿಕಟ್ಟೆಯನ್ನು ತೋರಿಸಿಯಾರು.

ಇದು ಕೇವಲ ಕಟ್ಟೆಯ ಮೇಲಿನ ಹರಟೆಯಲ್ಲ. ಎರಡು ವಾರ್ಡುಗಳು ಕೂಡುವ ಮೂಲೆಯಲ್ಲಿ ನಳದ ಕೊಳವೆ ಒಡೆದರೆ ಯಾವ ಸದಸ್ಯರ ಬಾಗಿಲು ತಟ್ಟಬೇಕು? ಡೆಂಗೀ ಕಾಣಿಸಿಕೊಂಡ ಮನೆಯನ್ನು ಯಾವ ವಾರ್ಡಿನ ಲೆಕ್ಕಕ್ಕೆ ಹಿಡಿಯಬೇಕು? ಉತ್ತರವೆಲ್ಲ ಒಂದು ಗೆರೆಯನ್ನು ಅವಲಂಬಿಸಿದೆ.

ಆ ಗೆರೆ ಸರಕಾರದ ಬಳಿ ಇಲ್ಲವೆಂದಲ್ಲ. ವಾರ್ಡಿನ ಎಲ್ಲೆಯನ್ನು ರಾಜ್ಯಪತ್ರವು ಮನೆಯ ಖರೀದಿಪತ್ರದ ಚಕ್ಕುಬಂದಿಯಂತೆ ದಿಕ್ಕು ದಿಕ್ಕಾಗಿ ಮಾತಿನಲ್ಲಿ ಬಣ್ಣಿಸುತ್ತದೆ. ಮನುಷ್ಯನಿಗೆ ಅದು ಸಾಕು, ಗಣಕಯಂತ್ರಕ್ಕೆ ಸಾಲದು. ಎಲ್ಲೆಯ ಪ್ರತಿಯೊಂದು ತಿರುವಿನ ಅಕ್ಷಾಂಶ-ರೇಖಾಂಶಗಳನ್ನು ಕ್ರಮವಾಗಿ ಜೋಡಿಸಿ, ಮುಚ್ಚಿದ ಆಕೃತಿಯಾಗಿ ಒದಗಿಸಿದರೆ, ಯಾವ ಮನೆ ಒಳಗೆ, ಯಾವುದು ಹೊರಗೆ ಎಂಬುದನ್ನು ಅದು ಕ್ಷಣದಲ್ಲಿ ಹೇಳಬಲ್ಲದು. ನಕ್ಷೆಯ ಬರಿಯ ಚಿತ್ರದಿಂದ ಈ ಕೆಲಸ ಆಗದು.

ನಮ್ಮ ದೇಶದಲ್ಲಿ ನಕ್ಷೆಯೆಂಬುದು ಬಹುಕಾಲ ಕಟ್ಟುಪಾಡಿನ ವಸ್ತುವಾಗಿತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಆ ಕಟ್ಟುಗಳನ್ನು ಸಡಿಲಿಸಿತು. ಗುಪ್ತ ವಿವರಗಳ ಹೊರತು, ಸಾರ್ವಜನಿಕ ಹಣದಿಂದ ಸಿದ್ಧವಾದ ಭೂಮಾಹಿತಿ ಭಾರತೀಯರೆಲ್ಲರಿಗೂ ದೊರೆಯಬೇಕೆಂದು ಸಾರಿತು. ಅದಕ್ಕೂ ಮೊದಲೇ ಡೇಟಾಮೀಟ್ ಬಳಗದ ಸ್ವಯಂಸೇವಕರು ಹಲವು ನಗರಗಳ ವಾರ್ಡು ಎಲ್ಲೆಗಳನ್ನು ಕಲೆಹಾಕಿ, ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿದ್ದರು. 2004ರಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಜಗತ್ತಿನ ನಕ್ಷೆಯೂ ಇಂತಹ ಸಾಮಾನ್ಯರ ಕೈಗಳಿಂದಲೇ ಬೆಳೆದುದು.

ಆದರೆ ಗೆರೆಗಳು ಇದ್ದಲ್ಲಿಯೇ ಇರುವುದಿಲ್ಲ. ಧಾರವಾಡ ತಾಲೂಕಿಗೆ ಸೇರಿದ್ದ ಅಳ್ನಾವರವೇ 2017ರ ರಾಜ್ಯ ಬಜೆಟ್ಟಿನಲ್ಲಿ ಪ್ರತ್ಯೇಕ ತಾಲೂಕೆಂದು ಘೋಷಿತವಾಯಿತು. ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ 67 ವಾರ್ಡುಗಳು 2021ರ ಚುನಾವಣೆಯ ಹೊತ್ತಿಗೆ 82 ಆದವು. ಹಳೆಯ ನಕ್ಷೆಯನ್ನು ನಂಬಿದವರ ಅರ್ಜಿ ತಪ್ಪು ಮೇಜಿಗೆ ಹೋದೀತು. ಆದುದರಿಂದ ಎಲ್ಲೆಯನ್ನು ಪ್ರಕಟಿಸಿದರಷ್ಟೇ ಸಾಲದು. ಅದು ಯಾವ ದಿನದ ಎಲ್ಲೆ ಎಂಬುದೂ ಜೊತೆಯಲ್ಲಿರಬೇಕು. ಮನೆಯೊಡೆಯರ ಹೆಸರು, ವಿವರಗಳು ಅದರಲ್ಲಿ ಸೇರಬೇಕಾಗಿಲ್ಲ; ಗೆರೆಯೊಂದು ತೆರೆದಿದ್ದರೆ ಸಾಕು.

ಓಣಿಯ ಜನ ತಮ್ಮ ಗುಡಿ-ಬಾವಿಗಳ ಗುರುತನ್ನು ಬಿಡಬೇಕಾದುದೇನೂ ಇಲ್ಲ. ಅದು ನೆನಪಿನ ಎಲ್ಲೆ. ವಾರ್ಡಿನದು ಆಡಳಿತದ ಎಲ್ಲೆ. ಎರಡೂ ಒಂದೇ ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಕಾಣುವಂತಾದರೆ, ಮೂಲೆಮನೆಯ ಗೃಹಿಣಿಯು ನಳ ನಿಂತ ದಿನ ಎರಡು ಬಾಗಿಲು ಅಲೆಯುವ ಕಷ್ಟ ತಪ್ಪೀತು.