ಗಣಿತದ ಭಯವೂ ನಿದ್ರೆಯ ಭಂಗವೂ

ಧಾರವಾಡದಿಂದ ಬೆಳಗಾವಿಯ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿ ಬೇಲೂರು ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆಗಳ ಪಾಳಿ ಬದಲಾಗುವ ವೇಳೆಗೆ ನನ್ನ ಚಿಕಿತ್ಸಾಲಯಕ್ಕೆ ರೋಗಿಗಳು ಬರುತ್ತಾರೆ. ಬೆನ್ನುನೋವು, ಆಮ್ಲಪಿತ್ತ, ರಾತ್ರಿಪಾಳಿಯವರ ನಿದ್ರಾನಾಶ ಇವು ನಾನು ದಿನನಿತ್ಯ ಕಾಣುವ ವ್ಯಾಧಿಗಳು. ಕಳೆದ ವರ್ಷ ಕಾರ್ಮಿಕರೊಬ್ಬರು ಪತ್ನಿಯೊಡನೆ ತಮ್ಮ ಹದಿನೇಳು ವರ್ಷದ ಮಗಳನ್ನು ಕರೆತಂದರು. ಎರಡು ತಿಂಗಳಿಂದ ಅವಳಿಗೆ ತಲೆಶೂಲೆ, ಬೆಳಗಿನ ಓಕರಿಕೆ, ಅರುಚಿ, ರಾತ್ರಿ ನಿದ್ರೆಯಿಲ್ಲ. ಕಣ್ಣಿನ ಪರೀಕ್ಷೆ, ರಕ್ತಪರೀಕ್ಷೆ ಎರಡರಲ್ಲೂ ದೋಷ ಕಂಡುಬಂದಿರಲಿಲ್ಲ.

“ನೆನಪಿನ ಶಕ್ತಿಗೆ ಏನರ ಔಷಧ ಕೊಡ್ರಿ ಡಾಕ್ಟರ್ರ. ಬ್ರಾಹ್ಮಿ ಛಲೋ ಅಂತಾರಲ್ರಿ” ಎಂದು ತಾಯಿ ಕೇಳಿಕೊಂಡರು.

ನಾಡಿ ನೋಡುತ್ತ ಮಗುವನ್ನೇ ವಿಚಾರಿಸಿದೆ. “ಯಾವಾಗಿಂದ ಹಿಂಗಾಗೇತಿ ಯವ್ವಾ?”

ಬಹಳ ಹೊತ್ತಿನ ಮೇಲೆ ಉತ್ತರ ಬಂತು: “ಡಿಫರೆನ್ಸಿಯೇಶನ್ ಶುರು ಆದಾಗಿಂದ್ರಿ.”

ಅವಳು ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲಿ ಒಳ್ಳೆಯ ಅಂಕ ಪಡೆದವಳು. ಈಗ ಪಿಯುಸಿ ವಿಜ್ಞಾನ, ಇಂಗ್ಲಿಷ್ ಮಾಧ್ಯಮ. ಪ್ರಥಮ ವರ್ಷದಲ್ಲೇ ಕಲನಶಾಸ್ತ್ರದ ಪ್ರವೇಶವಾಗುತ್ತದೆ. ದ್ವಿತೀಯ ವರ್ಷದಲ್ಲಿ ಅವಕಲನ, ಅನುಕಲನಗಳು ಪುಸ್ತಕದ ದೊಡ್ಡ ಭಾಗವನ್ನೇ ಆವರಿಸುತ್ತವೆ. ಎಕ್ಸ್ ವರ್ಗದ ಡೆರಿವೇಟಿವ್ ಎಷ್ಟೆಂದು ಕೇಳಿದೆ. “ಟು ಎಕ್ಸ್” ಎಂದಳು. ಹಾಗೆಂದರೇನು ಎಂದು ಕೇಳಿದೊಡನೆ ಕಣ್ಣು ತುಂಬಿಕೊಂಡಳು. “ಬಾಯಿಪಾಠ ಮಾಡೇನ್ರಿ. ಅದು ಏನಂತ ಗೊತ್ತಿಲ್ರಿ. ಕೇಳಿದ್ರ ಎಲ್ಲಾರೂ ನಗತಾರ್ರಿ.” ವಿಜ್ಞಾನವನ್ನೇ ಬಿಟ್ಟು ಮನೆಯಲ್ಲಿ ಕೂಡ್ರುವ ಮಾತು ಆಗಲೇ ಹೊರಬಂತು. ತಂದೆ ತಲೆ ತಗ್ಗಿಸಿ ಕುಳಿತಿದ್ದರು.

ಚರಕ ಸಂಹಿತೆಯು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಹಸಿವು, ನಿದ್ರೆ, ಕಣ್ಣೀರು ಮೂರೂ ಅವುಗಳಲ್ಲಿ ಸೇರಿವೆ. ನಿದ್ರೆಯನ್ನು ತಡೆದರೆ ಶಿರೋರೋಗ, ಕಣ್ಣಿನ ಭಾರ, ಮೈಕೈನೋವು; ಹಸಿವನ್ನು ತಡೆದರೆ ದೌರ್ಬಲ್ಯ, ಅರುಚಿ, ತಲೆಸುತ್ತು ಎಂದು ಅಲ್ಲಿಯೇ ವಿವರಿಸಲಾಗಿದೆ. ಈ ಹುಡುಗಿ ರಾತ್ರಿ ಎರಡರವರೆಗೆ ಚಹಾ ಕುಡಿದು ಸೂತ್ರ ಉರುಹೊಡೆಯುತ್ತಿದ್ದಳು. ಬೆಳಿಗ್ಗೆ ಉಪವಾಸವೇ ಕಾಲೇಜಿಗೆ ಹೋಗುತ್ತಿದ್ದಳು. ಅಳುವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ವ್ಯಾಧಿಯ ಮೂಲ ಸ್ಪಷ್ಟವಾಗಿತ್ತು. ತಾಯಿಗೆ ಹೇಳಿದೆ: ತಿಳಿದದ್ದನ್ನು ನೆನಪಿಡಲು ಔಷಧ ಸ್ವಲ್ಪ ನೆರವಾದೀತು, ಆದರೆ ತಿಳಿಯದ್ದನ್ನು ತಿಳಿಸುವ ಔಷಧ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ನಾನೂ ಕನ್ನಡ ಶಾಲೆಯಿಂದ ಪಿಯುಸಿ ವಿಜ್ಞಾನಕ್ಕೆ ಹೋದವನೇ. ಅರ್ಥ ತಿಳಿಯದೆ ಸೂತ್ರ ಕಲಿತು ಪರೀಕ್ಷೆ ದಾಟಿದೆ. ಅವಕಲನದ ಅರ್ಥ ಹೊಳೆದದ್ದು ವೈದ್ಯನಾಗಿ ಜ್ವರದ ನಕ್ಷೆಗಳನ್ನು ಓದತೊಡಗಿದ ಮೇಲೆ. ಅದನ್ನೇ ಅವಳಿಗೆ ಹೇಳಿದೆ. ಇಬ್ಬರು ರೋಗಿಗಳಿಗೂ ಈಗ 101 ಡಿಗ್ರಿ ಜ್ವರವಿದೆ ಎನ್ನೋಣ. ಒಬ್ಬನದು 99 ರಿಂದ ಏರುತ್ತಿದೆ, ಇನ್ನೊಬ್ಬನದು 104 ರಿಂದ ಇಳಿಯುತ್ತಿದೆ. ಅಂಕಿ ಒಂದೇ, ಅವಸ್ಥೆ ಬೇರೆ. ಈ ಕ್ಷಣದಲ್ಲಿ ಜ್ವರ ಯಾವ ಕಡೆಗೆ, ಎಷ್ಟು ಬೇಗ ಸಾಗುತ್ತಿದೆ ಎಂಬುದನ್ನು ಅಳೆಯುವುದೇ ಅವಕಲನ.

ಬಳಿಕ ಅವಳ ತಂದೆಯ ಕಾರ್ಖಾನೆಯ ಬಸ್ಸನ್ನು ಉದಾಹರಣೆಯಾಗಿ ತೆಗೆದುಕೊಂಡೆವು. ಗೇಟಿನಿಂದ ಹೊರಟ ಬಸ್ಸು ಎಷ್ಟು ಸೆಕೆಂಡು ಕಳೆಯಿತೋ ಅದರ ವರ್ಗದಷ್ಟು ಮೀಟರು ಸಾಗುತ್ತದೆ ಎಂದಿಟ್ಟುಕೊಳ್ಳೋಣ. 3 ಸೆಕೆಂಡಿಗೆ 9 ಮೀಟರು, 4 ಸೆಕೆಂಡಿಗೆ 16 ಮೀಟರು. ನಡುವಿನ ಸರಾಸರಿ ವೇಗ ಸೆಕೆಂಡಿಗೆ 7 ಮೀಟರು. 3 ರಿಂದ 3.1 ರವರೆಗೆ ನೋಡಿದರೆ 6.1, 3 ರಿಂದ 3.01 ರವರೆಗೆ 6.01. ಕೂಡಿಸಿ ಕಳೆದದ್ದು ಅವಳೇ. “ಆರರ ಹತ್ರ ಹತ್ರ ಬರಾಕತ್ತೇತ್ರಿ!” ಎಂದಳು. ಹಾಗೆ ಹತ್ತಿರವಾಗುತ್ತ ಹೋಗುವ ಸಂಖ್ಯೆಗೇ ಲಿಮಿಟ್ ಎಂದು ಹೆಸರು. ಮೂರರ ಎರಡು ಪಟ್ಟು ಆರು. ಅವಳು ಬಾಯಿಪಾಠ ಮಾಡಿದ್ದ “ಟು ಎಕ್ಸ್” ಅದೇ.

ಈ ವಿದ್ಯೆ ನಮಗೆ ಪರಕೀಯವೆಂಬ ಭಾವನೆ ಬೇಡ. 1150 ರಲ್ಲಿ ‘ಸಿದ್ಧಾಂತ ಶಿರೋಮಣಿ’ ರಚಿಸಿದ ಭಾಸ್ಕರಾಚಾರ್ಯರು ಗ್ರಹಗಳ ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು, ಲೆಕ್ಕ ಹಾಕಿದರು. ನ್ಯೂಟನ್, ಲೈಬ್ನಿಟ್ಸ್ ಇದನ್ನು ಪೂರ್ಣ ಶಾಸ್ತ್ರವಾಗಿ ಕಟ್ಟಿದ್ದು 17ನೆಯ ಶತಮಾನದಲ್ಲಿ. ಅದಕ್ಕೂ ಮೊದಲು, 16ನೆಯ ಶತಮಾನದಲ್ಲಿ, ಕೇರಳದ ಜ್ಯೇಷ್ಠದೇವರು ಅನಂತ ಶ್ರೇಣಿಗಳ ಸಾಧನೆಯನ್ನು ‘ಯುಕ್ತಿಭಾಷಾ’ ಗ್ರಂಥದಲ್ಲಿ ತಮ್ಮ ಮಲಯಾಳದಲ್ಲೇ ಬರೆದರು. 1954 ರಿಂದ 1967 ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಡಿ.ಸಿ. ಪಾವಟೆಯವರೂ ಗೋಕಾಕ ತಾಲೂಕಿನ ಹಳ್ಳಿಯಿಂದ ಹೊರಟು ಕೇಂಬ್ರಿಜ್‌ನಲ್ಲಿ ಗಣಿತ ಕಲಿತವರು. ತಾಯ್ನುಡಿಯಲ್ಲಿ ಒಮ್ಮೆ ಅರ್ಥವಾದದ್ದನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು.

ನಾನು ಸೂಚಿಸಿದ ಪಥ್ಯ ಸರಳ. ರಾತ್ರಿ ಹತ್ತೂವರೆಗೆ ಪುಸ್ತಕ ಮುಚ್ಚಬೇಕು. ಸಂಜೆಯ ನಂತರ ಚಹಾ ಬೇಡ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಬೇಕು. ಬೆಳಿಗ್ಗೆ ರೊಟ್ಟಿ, ಕಾಳಿನ ಪಲ್ಯ ಉಂಡೇ ಹೊರಡಬೇಕು. ಇದರೊಡನೆ ಇನ್ನೊಂದು ನಿಯಮ: ದಿನಕ್ಕೊಂದು ಪ್ರಶ್ನೆಯನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ ಉಪನ್ಯಾಸಕರನ್ನು ಕೇಳಲೇಬೇಕು. ಮೊದಲ ವಾರ ಕೇಳಲಾಗಲಿಲ್ಲವಂತೆ. ಎರಡನೆಯ ವಾರ ತರಗತಿ ಮುಗಿದ ಮೇಲೆ ಕೇಳಿದಳು. ಉಪನ್ಯಾಸಕರು ನಿಂತು ಕನ್ನಡದಲ್ಲೇ ವಿವರಿಸಿದರು. ತಿಂಗಳಲ್ಲಿ ತಲೆಶೂಲೆ ಬಹುಮಟ್ಟಿಗೆ ನಿಂತಿತು. ಅಂಕಗಳು ಒಮ್ಮೆಲೇ ಏರಲಿಲ್ಲ, ಆದರೆ ವಿಜ್ಞಾನ ಬಿಡುವ ಮಾತು ಮತ್ತೆ ಬರಲಿಲ್ಲ.

ಪಾಲಕರಲ್ಲಿ ನನ್ನ ವಿನಂತಿ: ಮಕ್ಕಳ ತಲೆನೋವನ್ನು ನೆಪವೆಂದು ತಳ್ಳಿಹಾಕಬೇಡಿ. ಮೊದಲು ಕಣ್ಣು, ರಕ್ತ ಪರೀಕ್ಷೆ ಮಾಡಿಸಿ. ನೋವಿನೊಡನೆ ಪದೇ ಪದೇ ವಾಂತಿ, ದೃಷ್ಟಿ ಮಸುಕು ಇದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಮಗು ಸದಾ ಮಂಕಾಗಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ ತಡಮಾಡದೆ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. 14416 ಟೆಲಿ ಮನಸ್ ದೂರವಾಣಿಯಲ್ಲೂ ಉಚಿತ ಸಲಹೆ ದೊರೆಯುತ್ತದೆ. ಸಂಜೆ ಮನೆಗೆ ಬಂದ ಮಗುವನ್ನು ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇಂದು ಯಾವುದು ತಿಳಿಯಲಿಲ್ಲವೆಂದು ಕೇಳಿ. ಅದು ಹೇಳುವಾಗ ಗದರಿಸದೆ ಕೇಳಿಸಿಕೊಳ್ಳಿ.