ನಗರ ಬಸ್ಸುಗಳ ಮಾರ್ಗ ಬದಲಾವಣೆ ಹಾಗೂ ಮೆಟ್ರೊ ಸಂಪರ್ಕ: ಪ್ರಯಾಣಿಕರಿಗೆ ಮಾಹಿತಿ

ಬೆಂಗಳೂರು ನಗರದಲ್ಲಿ ಜಾತ್ರೆ, ಮೆರವಣಿಗೆ, ರಸ್ತೆ ಕಾಮಗಾರಿ ಮುಂತಾದ ಸಂದರ್ಭಗಳಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಬಸ್ಸುಗಳು ನಿಗದಿತ ಮಾರ್ಗವನ್ನು ಬಿಟ್ಟು ಬದಲಿ ರಸ್ತೆಗಳಲ್ಲಿ ಸಂಚರಿಸಬೇಕಾಗುತ್ತದೆ. ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 115ನೇ ಪ್ರಕರಣವು ಕಲ್ಪಿಸಿರುತ್ತದೆ. ಸದರಿ ಪ್ರಕರಣದಂತೆ, ನಿರ್ಬಂಧವು ಒಂದು ತಿಂಗಳನ್ನು ಮೀರದಿದ್ದಲ್ಲಿ ರಾಜ್ಯಪತ್ರದಲ್ಲಿ ಅಧಿಸೂಚನೆ ಅವಶ್ಯವಿಲ್ಲ. ಸಂದರ್ಭಾನುಸಾರ ಸ್ಥಳೀಯ ಪ್ರಚಾರ ನೀಡತಕ್ಕದ್ದು. ಒಂದೆರಡು ದಿನಗಳ ಬದಲಾವಣೆಗಳು ಅನೇಕ ಪ್ರಯಾಣಿಕರ ಗಮನಕ್ಕೆ ಬಾರದಿರಲು ಇದೂ ಒಂದು ಕಾರಣ. ಆದುದರಿಂದ ಪರೀಕ್ಷೆ, ಆಸ್ಪತ್ರೆ, ನ್ಯಾಯಾಲಯದ ಕೆಲಸಗಳಿಗೆ ತೆರಳುವವರು ಹಿಂದಿನ ದಿನವೇ ಸಂಚಾರ ಪೊಲೀಸರ ಪ್ರಕಟಣೆಯನ್ನು ಗಮನಿಸುವುದು ಸೂಕ್ತ.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಉದಾಹರಣೆಯಾಗಿ ನೋಡಬಹುದು. ಕಾರ್ತಿಕ ಮಾಸದ ಕೊನೆಯ ಸೋಮವಾರದಂದು ದೊಡ್ಡ ಬಸವಣ್ಣನ ಗುಡಿಯ ಪರಿಸರದಲ್ಲಿ ನಡೆಯುವ ಈ ಪರಿಷೆಗೆ ಜನಸಂದಣಿ ಮುಂಚಿನ ದಿನಗಳಿಂದಲೇ ಸೇರುತ್ತದೆ. ಬುಲ್ ಟೆಂಪಲ್ ರಸ್ತೆಯ ಇಕ್ಕೆಲಗಳಲ್ಲಿ ಕಡಲೆಕಾಯಿ ರಾಶಿಗಳು ಬಿದ್ದ ಮೇಲೆ ಬಸ್ಸು ಹೋಗಲು ಸ್ಥಳವಾದರೂ ಎಲ್ಲಿರುತ್ತದೆ! ಆ ದಿನಗಳಲ್ಲಿ ವಾಹನಗಳನ್ನು ಅಕ್ಕಪಕ್ಕದ ರಸ್ತೆಗಳಿಗೆ ತಿರುಗಿಸಲಾಗುತ್ತದೆ. ಮಾರ್ಗ ಸಂಖ್ಯೆಯ ಫಲಕ ಅದೇ ಆಗಿದ್ದರೂ ಮುಚ್ಚಿದ ರಸ್ತೆಯ ನಿಲ್ದಾಣಗಳಿಗೆ ಬಸ್ಸು ಬರುವುದಿಲ್ಲ. ಅಲ್ಲಿಯೇ ಕಾಯುತ್ತಾ ನಿಲ್ಲದೆ ಬದಲಿ ರಸ್ತೆಯ ಸಮೀಪದ ನಿಲ್ದಾಣಕ್ಕೆ ನಡೆದು ಹೋಗಬೇಕು. ಹೋಗುವ ದಾರಿ ಮತ್ತು ಬರುವ ದಾರಿ ಬೇರೆಯಾಗಿರುವ ಸಂಭವವಿರುವುದರಿಂದ, ಹಿಂದಿರುಗುವಾಗ ಎಲ್ಲಿ ಹತ್ತಬೇಕೆಂಬುದನ್ನು ಇಳಿಯುವ ಮುನ್ನ ನಿರ್ವಾಹಕರಲ್ಲಿ ವಿಚಾರಿಸಿಕೊಳ್ಳಿರಿ.

ಇಂತಹ ದಿನಗಳಲ್ಲಿ ಮೆಟ್ರೊ ಉಪಯುಕ್ತ. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಪರಿಷೆಯ ಸ್ಥಳಕ್ಕೆ ನಡೆದು ತಲುಪಬಹುದು. ನೇರಳೆ ಮಾರ್ಗದಿಂದ ಬರುವವರು ಮೆಜೆಸ್ಟಿಕ್‌ನಲ್ಲಿಯೂ, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದಿಂದ ಬರುವವರು ಆರ್.ವಿ. ರಸ್ತೆ ನಿಲ್ದಾಣದಲ್ಲಿಯೂ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಳ್ಳತಕ್ಕದ್ದು. ಹೊರ ಊರುಗಳಿಂದ ಬರುವವರಿಗೆ ಮೆಜೆಸ್ಟಿಕ್ ಅನುಕೂಲಕರ. ರೈಲು ನಿಲ್ದಾಣ, ಬಸ್ ನಿಲ್ದಾಣ ಹಾಗೂ ಮೆಟ್ರೊ ಮೂರೂ ಅಲ್ಲಿ ಹತ್ತಿರದಲ್ಲಿವೆ.

ಒಂದು ವಿಷಯ ನೆನಪಿನಲ್ಲಿರಲಿ. ನಗರ ಬಸ್ಸಿನ ಪಾಸು ಮೆಟ್ರೊದಲ್ಲಿ ನಡೆಯುವುದಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಮೆಟ್ರೊಗೆ ಅನ್ವಯಿಸುವುದಿಲ್ಲ. ಆದ್ದರಿಂದ ಬಸ್ಸು ಸಿಗದೆ ಮೆಟ್ರೊ ಹತ್ತುವ ಮಹಿಳೆಯರು ಹಾಗೂ ಪಾಸುದಾರ ವಿದ್ಯಾರ್ಥಿಗಳು ಟಿಕೆಟ್ ಹಣವನ್ನು ಜೊತೆಯಲ್ಲಿ ಇಟ್ಟುಕೊಂಡಿರತಕ್ಕದ್ದು.