ಗುಣವಾಗದ ರೋಗಕ್ಕೂ ಆರೈಕೆಯಿದೆ

“ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ.” ಕ್ಯಾನ್ಸರ್ ಉಲ್ಬಣಿಸಿದ ರೋಗಿಯ ಮನೆಯವರು ಆಸ್ಪತ್ರೆಗಳಲ್ಲಿ ಆಗಾಗ ಕೇಳುವ ಮಾತಿದು. ಆದರೆ ಮಾಡಲಿಕ್ಕೆ ಬಹಳಷ್ಟು ಉಳಿದಿರುತ್ತದೆ. ರೋಗ ಗುಣವಾಗದಿದ್ದರೂ ನೋವು, ವಾಂತಿ, ಉಬ್ಬಸ, ಹುಣ್ಣಿನ ವಾಸನೆ, ರಾತ್ರಿಯ ಭಯ ಇವನ್ನೆಲ್ಲ ಕಡಿಮೆ ಮಾಡಬಹುದು. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅಥವಾ ಉಪಶಾಮಕ ಆರೈಕೆ ಎನ್ನುತ್ತಾರೆ.

ದಾದಿಯಾಗಿ, ಸಮಾಜ ಸೇವಕಿಯಾಗಿ ದುಡಿದು ನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಸ್ಥಾಪಿಸಿದರು. ನೋವು ದೇಹದ್ದು ಮಾತ್ರವಲ್ಲ, ಮನಸ್ಸು, ಕುಟುಂಬ ಮತ್ತು ವಿಶ್ವಾಸಕ್ಕೂ ಸಂಬಂಧಿಸಿದ್ದು ಎಂದು ಅವರು ತೋರಿಸಿಕೊಟ್ಟರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 5 ಕೋಟಿ 68 ಲಕ್ಷ ಮಂದಿಗೆ ಈ ಆರೈಕೆ ಬೇಕು. ಸಿಗುತ್ತಿರುವುದು ನೂರಕ್ಕೆ ಸುಮಾರು 14 ಮಂದಿಗೆ.

ಹೇಳುವುದೇ, ಮುಚ್ಚಿಡುವುದೇ?

ಪಾಶ್ಚಾತ್ಯ ದೇಶಗಳ ವೈದ್ಯರು ರೋಗದ ವಿಷಯವನ್ನು ಮೊದಲು ರೋಗಿಗೇ ಹೇಳುತ್ತಾರೆ. ಅದು ಅವರ ಹಕ್ಕೆಂದು ಭಾವಿಸುತ್ತಾರೆ. ಭಾರತದಲ್ಲಿ, ಅರಬ್ ನಾಡುಗಳಲ್ಲಿ, ಬಹುಕಾಲ ಜಪಾನಿನಲ್ಲೂ ವೈದ್ಯರು ಮೊದಲು ಮಾತಾಡಿದ್ದು ಮನೆಯವರೊಂದಿಗೆ. “ಅಮ್ಮನಿಗೆ ಹೇಳಬೇಡಿ, ಎದೆ ಒಡೆದೀತು” ಎಂಬ ವಿನಂತಿ ಪ್ರೀತಿಯಿಂದಲೇ ಬರುತ್ತದೆ. ಆದರೆ ಹೆಚ್ಚಿನ ರೋಗಿಗಳು ವಿಷಯವನ್ನು ಅದಾಗಲೇ ಊಹಿಸಿರುತ್ತಾರೆ ಎಂಬುದು ಅನುಭವಿ ವೈದ್ಯರ ಮಾತು. ಮನೆಯವರು ನಟಿಸುತ್ತಾರೆ, ರೋಗಿಯೂ ನಟಿಸುತ್ತಾರೆ; ಇಬ್ಬರೂ ಒಂಟಿಯಾಗುತ್ತಾರೆ.

ಮುಸ್ಲಿಮ್ ಕುಟುಂಬಕ್ಕೆ ಇದರಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಸಾಲ ತೀರಿಸಬೇಕು, ವಸಿಯ್ಯತ್ ಮಾಡಬೇಕು, ನೋಯಿಸಿದವರಲ್ಲಿ ಕ್ಷಮೆ ಕೇಳಬೇಕು, ತೌಬಾ ಮಾಡಬೇಕು. ಸಮಯ ಕಡಿಮೆಯಿದೆಯೆಂದೇ ತಿಳಿಯದವರು ಇದನ್ನೆಲ್ಲ ಯಾವಾಗ ಮಾಡಿಯಾರು? ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಬೇಕೆಂದಿಲ್ಲ. “ನಿಮಗೆ ಎಷ್ಟು ತಿಳಿಯಬೇಕೆನಿಸುತ್ತದೆ?” ಎಂದು ರೋಗಿಯನ್ನೇ ಕೇಳಿ, ಅವರು ಬಯಸಿದಷ್ಟು ಮೆಲ್ಲನೆ ಹೇಳುವುದು ಉತ್ತಮ.

ಮಾರ್ಫಿನ್ ಎಂಬ ಭಯ

ತೀವ್ರ ನೋವಿಗೆ ಮಾರ್ಫಿನ್ ಕೊಟ್ಟಾಗ ಮನೆಯವರು ಹಿಂಜರಿಯುತ್ತಾರೆ. ಅಮಲು ನಿಷಿದ್ಧವಲ್ಲವೇ, ಚಟವಾದೀತಲ್ಲವೇ ಎಂಬ ಸಂದೇಹ. ಅನಿವಾರ್ಯ ಸಂದರ್ಭದಲ್ಲಿ ಚಿಕಿತ್ಸೆಗಾಗಿ ಇಂತಹ ಔಷಧಕ್ಕೆ ವಿದ್ವಾಂಸರು ಅನುಮತಿ ನೀಡಿದ್ದಾರೆ. ವೈದ್ಯರು ನಿಗದಿಪಡಿಸಿದ ಪ್ರಮಾಣದಲ್ಲಿ ನೋವಿಗಾಗಿ ತೆಗೆದುಕೊಂಡಾಗ ಚಟವಾಗುವುದು ವಿರಳ. ಆರಂಭದ ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ನಮಾಝ್‌ನ ವೇಳೆ ಎಚ್ಚರವಿರಬೇಕೆಂಬ ಬಯಕೆಯನ್ನು ವೈದ್ಯರಲ್ಲಿ ಹೇಳಿದರೆ ಔಷಧದ ಪ್ರಮಾಣ ಮತ್ತು ಸಮಯವನ್ನು ಸಾಧ್ಯವಾದಷ್ಟು ಹೊಂದಿಸುತ್ತಾರೆ. ವುಝೂ ಕಷ್ಟವಾದವರಿಗೆ ತಯಮ್ಮುಮ್ ಇದೆ, ನಿಲ್ಲಲಾಗದವರಿಗೆ ಮಲಗಿ ಸನ್ನೆಯಿಂದ ನಮಾಝ್ ಇದೆ. ನೋವು ನುಂಗಿಕೊಂಡು ನರಳುವುದೇ ಸಹನೆಯಲ್ಲ. ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಪ್ರವಾದಿವರ್ಯರೇ(ಸ).

ಭಾರತದಲ್ಲಿ 1985ರ ಮಾದಕ ವಸ್ತು ಕಾನೂನಿನ ಬಿಗಿ ನಿಯಮಗಳಿಂದ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ನಿಯಮಗಳನ್ನು ಸಡಿಲಿಸಿತು.

ಈ ಆರೈಕೆ ದಯಾಮರಣವಲ್ಲ. ಇದು ಮರಣವನ್ನು ಬೇಗ ತರುವುದೂ ಇಲ್ಲ, ಮುಂದೂಡುವುದೂ ಇಲ್ಲ. ಜೀವ ತೆಗೆಯುವ ಅಧಿಕಾರ ವೈದ್ಯನಿಗಿಲ್ಲ. ಹಾಗೆಂದು ಫಲವಿಲ್ಲದ ಯಂತ್ರಗಳಿಂದ ಸಾವನ್ನು ಎಳೆದಾಡಬೇಕೆಂದೂ ಇಲ್ಲ ಎಂಬುದೇ 1981ರಲ್ಲಿ ಕುವೈತ್‌ನಲ್ಲಿ ರೂಪುಗೊಂಡ ಇಸ್ಲಾಮೀ ವೈದ್ಯಕೀಯ ನೀತಿಸಂಹಿತೆಯ ನಿಲುವು.

ನೆರೆಮನೆಯಿಂದ ಆರಂಭ

1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಕಲ್ಲಿಕೋಟೆಯಲ್ಲಿ ಈ ಸೇವೆ ಆರಂಭಿಸಿದರು. ಮಲಪ್ಪುರಂನಂತಹ ಜಿಲ್ಲೆಗಳಲ್ಲಿ ಗೃಹಿಣಿಯರು, ವಿದ್ಯಾರ್ಥಿಗಳು ತರಬೇತಿ ಪಡೆದು ರೋಗಿಗಳ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿತು. ಬೆಂಗಳೂರಿನಲ್ಲಿ ‘ಕರುಣಾಶ್ರಯ’ ಕ್ಯಾನ್ಸರ್ ರೋಗಿಗಳಿಗೆ ಈ ಆರೈಕೆಯನ್ನು ಉಚಿತವಾಗಿ ನೀಡುತ್ತಿದೆ.

ನಮ್ಮ ಮನೆಗಳಲ್ಲಿ ಆರೈಕೆಯ ಭಾರ ಹೆಚ್ಚಾಗಿ ಮಗಳು ಅಥವಾ ಸೊಸೆಯ ಹೆಗಲಿಗೆ ಬೀಳುತ್ತದೆ. ರೋಗಿಯನ್ನು ನೋಡಲು ಬರುವವರಿಗೆ ಚಹಾ ಮಾಡುವುದೂ ಅವಳೇ. ರೋಗ ಸಂದರ್ಶನ ಪುಣ್ಯ ಕಾರ್ಯ. ಆದರೆ ಹೋದವರು ಅಲ್ಪ ಹೊತ್ತು ಕುಳಿತು, ದುಆ ಮಾಡಿ, “ಇಂದು ರಾತ್ರಿ ನಾನು ಕೂರುತ್ತೇನೆ, ನೀನು ಮಲಗು” ಎಂದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಕೊನೆಯ ದಿನಗಳಲ್ಲಿ ಊಟಕ್ಕೆ ಬಲವಂತ ಬೇಡ. ದೇಹಕ್ಕೆ ಆಗ ಹಸಿವಿರುವುದಿಲ್ಲ. ಒಣಗಿದ ತುಟಿಗೆ ಒದ್ದೆ ಹತ್ತಿ, ಕೈಯಲ್ಲೊಂದು ಕೈ, ಕಿವಿಯ ಬಳಿ ಮೆಲುದನಿಯ ಕಲಿಮಾ ಸಾಕು. ಇದನ್ನು ಕೊಡಲು ವೈದ್ಯರೇ ಆಗಬೇಕೆಂದಿಲ್ಲ.